ಸಮೀಕರಣಕ್ಕೆ ಸೇರದ ದೇವರು

ಚಂದ್ರಯಾನ–3 ಹಾರುವ ಮುನ್ನ, 2023ರ ಜುಲೈಯಲ್ಲಿ, ಇಸ್ರೊ ವಿಜ್ಞಾನಿಗಳು ನೌಕೆಯ ಪುಟ್ಟ ಮಾದರಿಯೊಂದನ್ನು ಹಿಡಿದು ತಿರುಮಲಕ್ಕೆ ಹೋದರು. ಇಸ್ರೊದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಉಡಾವಣಾ ಕೇಂದ್ರದ ಬಳಿಯ ಸೂಳ್ಳೂರುಪೇಟೆಯ ಚೆಂಗಾಳಮ್ಮನ ಗುಡಿಯಲ್ಲಿ ಪೂಜೆ ಸಲ್ಲಿಸಿದರು. ಎಂದಿನಂತೆ ವಾಗ್ವಾದ ಹೊತ್ತಿಕೊಂಡಿತು. ತಾವೇ ಕಟ್ಟಿದ ರಾಕೆಟ್ಟಿನ ಮೇಲೆ ಇವರಿಗೆ ನಂಬಿಕೆಯಿಲ್ಲವೇ ಎಂದು ಕೆಲವರು ಕೇಳಿದರು. ದೇವರ ದಯೆಯಿಲ್ಲದೆ ಏನು ನಡೆದೀತು ಎಂದು ಉಳಿದವರು ತಿರುಗಿ ಕೇಳಿದರು. ಪೂಜೆಗೆ ಮುನ್ನ ನಾಲ್ಕು ವರ್ಷ ನಡೆದ ಕೆಲಸ ಎರಡೂ ಕಡೆಯವರ ಮಾತಿನಲ್ಲಿ ಬರಲಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಹಿಂದಿನ ಚಂದ್ರಯಾನದ ವಿಕ್ರಂ ಲ್ಯಾಂಡರ್ ಚಂದ್ರನ ನೆಲಕ್ಕೆ ಅಪ್ಪಳಿಸಿತ್ತು. ಆ ಯಾನದ ಉಡಾವಣೆಗೂ ಮೊದಲು ಪೂಜೆ ನಡೆದಿತ್ತು. ಆದರೆ ಸೋಲಿನ ಕಾರಣವನ್ನು ಇಸ್ರೊ ಪೂಜೆಯ ಲೋಪದಲ್ಲಿ ಹುಡುಕಲಿಲ್ಲ. ಎಂಜಿನ್ನು, ಸಾಫ್ಟ್‌ವೇರ್‌ಗಳಲ್ಲಿ ಹುಡುಕಿತು. ಏನೇನು ಕೆಡಬಹುದು ಎಂಬುದನ್ನೇ ಮುಂದಿಟ್ಟುಕೊಂಡು ಹೊಸ ಲ್ಯಾಂಡರ್ ರೂಪಿಸಿತು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು. ಇಳಿಯಲು ಗುರುತಿಸಿದ್ದ 500 ಮೀಟರ್ ಉದ್ದಗಲದ ಜಾಗ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು. ದೈವಭಕ್ತ ವಿಜ್ಞಾನಿ ಹೀಗೆ ನಡೆದುಕೊಂಡರೆ ಆಕ್ಷೇಪಿಸಲು ಏನೂ ಇಲ್ಲ. ದೇವರನ್ನು ನಂಬಲು ಆತನಿಗೆ ತನ್ನವೇ ಆದ ಕಾರಣಗಳಿರಬಹುದು. ಅವು ಲೆಕ್ಕದ ನಡುವೆ ನುಸುಳಬಾರದು, ಅಷ್ಟೆ.

ನಂಬಿಕೆಗೂ ಲೆಕ್ಕಕ್ಕೂ ನಡುವಿನ ಈ ಗೆರೆಯನ್ನು ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಅವರಷ್ಟು ನಿಷ್ಠೆಯಿಂದ ಕಾಯ್ದವರು ವಿರಳ. 1923ರಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿ ದೀಕ್ಷೆ ಪಡೆದ ಈ ಭೌತವಿಜ್ಞಾನಿ 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂದು ಗಣಿತದಿಂದ ತೋರಿಸಿದರು. ಐನ್‌ಸ್ಟೈನ್ ಆಗ ಒಪ್ಪಲಿಲ್ಲ. 1931ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಪುಟ್ಟ ಟಿಪ್ಪಣಿಯಲ್ಲಿ ಲೆಮೈತ್ರ್, ಎಲ್ಲವೂ ಒಂದೇ ಕಣದಿಂದ ಆರಂಭವಾಗಿರಬಹುದು ಎಂದರು; ಮುಂದೆ ಮಹಾಸ್ಫೋಟ ಎಂದು ಹೆಸರಾದ ವಿಚಾರದ ಬೀಜ ಅದು. ಆ ಟಿಪ್ಪಣಿಯ ಕರಡಿನ ಕೊನೆಯಲ್ಲಿ ದೇವರು ಮರೆಯಲ್ಲಿರುವವನು ಎಂಬರ್ಥದ ಒಂದು ಪ್ಯಾರಾ ಇತ್ತು. ಅಚ್ಚಿಗೆ ಹೋಗುವ ಮುನ್ನ ಅದಕ್ಕೆ ಗೀಟು ಬಿತ್ತು. 1951ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಹೊಸ ವಿಶ್ವವಿಜ್ಞಾನವನ್ನು ಸೃಷ್ಟಿಕರ್ತನಿಗೆ ಸಾಕ್ಷಿ ಎಂಬಂತೆ ಕೊಂಡಾಡಿದಾಗ, ಸಂತೋಷಪಡಬೇಕಿದ್ದ ಪಾದ್ರಿಗೆ ಕಳವಳವಾಯಿತು. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ, ನಾಸ್ತಿಕನೂ ಅದನ್ನು ನಿಶ್ಚಿಂತೆಯಿಂದ ಒಪ್ಪಬಹುದು ಎಂಬುದು ಅವರ ನಿಲುವಾಗಿತ್ತು. ಪ್ರತಿದಿನ ಪ್ರಾರ್ಥಿಸುತ್ತಿದ್ದವರು ಆಡಿದ ಮಾತಿದು. ವೇದದಲ್ಲಿ ವಿಮಾನವಿತ್ತು, ಪುರಾಣದಲ್ಲಿ ಪರಮಾಣುವಿತ್ತು ಎಂದು ವೇದಿಕೆಯೇರಿ ಹೇಳುವವರು ಇದನ್ನು ನಿಧಾನವಾಗಿ ಓದಿಕೊಳ್ಳಬೇಕು. ವಿಜ್ಞಾನದಿಂದ ಪ್ರಮಾಣಪತ್ರ ಬೇಡುವ ಭಕ್ತಿ ತನ್ನ ಮೇಲೆ ತಾನೇ ನಂಬಿಕೆ ಕಳೆದುಕೊಂಡ ಭಕ್ತಿ.

ಲೆಕ್ಕದಲ್ಲಿ ನಂಬಿಕೆ ಬೆರೆಯದಿದ್ದರೆ ಭಕ್ತನೂ ನಾಸ್ತಿಕನೂ ಒಂದೇ ಕಡೆ ತಲುಪಬಹುದು. ಪಾಕಿಸ್ತಾನದ ಅಬ್ದುಸ್ ಸಲಾಂ ಮತ್ತು ಅಮೆರಿಕದ ಸ್ಟೀವನ್ ವೈನ್‌ಬರ್ಗ್ 1979ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಶೆಲ್ಡನ್ ಗ್ಲಾಶೊ ಜೊತೆ ಹಂಚಿಕೊಂಡರು. ಸಲಾಂ ನೊಬೆಲ್ ಔತಣದ ಭಾಷಣದಲ್ಲಿ ಕುರಾನಿನ ವಚನ ಹೇಳಿದ ಶ್ರದ್ಧಾವಂತ; ವೈನ್‌ಬರ್ಗ್ ಕಟ್ಟಾ ನಾಸ್ತಿಕ. ಇಬ್ಬರೂ ದೂರದೂರದಲ್ಲಿದ್ದು ತಲುಪಿದ್ದು ಪ್ರಕೃತಿಯ ಎರಡು ಬಲಗಳನ್ನು ಒಂದುಗೂಡಿಸುವ ಒಂದೇ ಸಿದ್ಧಾಂತವನ್ನು. ಬಲಗಳನ್ನು ಒಂದಾಗಿ ಕಾಣುವ ಹಂಬಲಕ್ಕೆ ತನ್ನ ಧರ್ಮದ ಹಿನ್ನೆಲೆ ತನಗರಿವಿಲ್ಲದೆ ಪ್ರೇರಣೆಯಾಗಿದ್ದರೂ ಇರಬಹುದು ಎಂದು ಸಲಾಂ ಒಮ್ಮೆ ಬರೆದರು. ಅದಕ್ಕಿಂತ ಹೆಚ್ಚಿನ ಹಕ್ಕನ್ನು ಅವರು ಸಾಧಿಸಲಿಲ್ಲ.

ಹಾಗಾದರೆ ನಂಬಿಕೆ ಎಲ್ಲಿಂದ ಹುಟ್ಟುತ್ತದೆ? ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಮೊದಲು ನಾಸ್ತಿಕರು. ವೈದ್ಯಕೀಯ ಓದುವಾಗ ಹೃದ್ರೋಗದಿಂದ ನರಳುತ್ತಿದ್ದ ವೃದ್ಧೆಯೊಬ್ಬರು ತಮ್ಮ ನಂಬಿಕೆಯನ್ನು ಹೇಳಿಕೊಂಡು, ನಿಮ್ಮ ನಂಬಿಕೆ ಏನು ಎಂದು ಅವರನ್ನು ಕೇಳಿದರು. ಕಾಲಿನ್ಸ್ ಬಳಿ ಉತ್ತರವಿರಲಿಲ್ಲ. ಒಳಿತು ಕೆಡುಕಿನ ಪ್ರಜ್ಞೆ ಮನುಷ್ಯನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಮುಂದೆ ಅವರನ್ನು ದೇವರ ಕಡೆ ಕರೆದೊಯ್ದಿತು. ಆ ಪ್ರಜ್ಞೆಯನ್ನೂ ವಿಕಾಸವಾದದಿಂದ ವಿವರಿಸಬಹುದು ಎನ್ನುವವರಿದ್ದಾರೆ. ಅವರ ವಾದ ದುರ್ಬಲವೇನಲ್ಲ. ಕಾಲಿನ್ಸ್ ಕಾರಣ ಇನ್ನೊಬ್ಬರನ್ನು ಒಪ್ಪಿಸಲೇಬೇಕೆಂದಿಲ್ಲ. ಸಾವು, ಕೃತಜ್ಞತೆ, ಪಶ್ಚಾತ್ತಾಪ ಇವು ಒಬ್ಬೊಬ್ಬರಿಗೂ ಒಂದೊಂದು ಬಗೆಯಲ್ಲಿ ಎದುರಾಗುತ್ತವೆ. ಅಲ್ಲಿ ಹುಟ್ಟಿದ ನಂಬಿಕೆಯನ್ನು ಮೂಢತನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಪವಾಡದ ಮಾತು ಬೇರೆ. ಶೂನ್ಯದಿಂದ ವಸ್ತು ತೆಗೆಯುತ್ತೇನೆ ಎಂದರೆ ಅದು ಪರೀಕ್ಷೆಗೆ ಒಳಪಡಬೇಕಾದ ಹೇಳಿಕೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳ ತನಿಖೆಗೆ ಸಮಿತಿ ರಚಿಸಿ, ಇಂಥ ಪವಾಡಗಳಿಗೆ ಹೆಸರಾಗಿದ್ದ ಸತ್ಯಸಾಯಿಬಾಬಾ ಅವರನ್ನು ಆಹ್ವಾನಿಸಿದಾಗ ಸಿಟ್ಟಾದ ಭಕ್ತರೇ ನಿಜಕ್ಕೂ ಆ ಪರೀಕ್ಷೆಯನ್ನು ಮೊದಲು ಬಯಸಬೇಕಿತ್ತು.

ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ನಂಬಿಕೆಗೂ ಮೌಢ್ಯಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆಗಳನ್ನು ಅದು ಮುಟ್ಟುವುದಿಲ್ಲ. ಎಂಜಲೆಲೆಯ ಮೇಲೆ ಉರುಳಿಸುವುದನ್ನು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದನ್ನು ತಡೆಯುತ್ತದೆ. ಈ ಕಾಯ್ದೆಯನ್ನು ವಿಚಾರವಾದಿಗಳ ಪಾಲಿಗೇ ಬಿಡದೆ, ಮಠಗಳೂ ದೇವಸ್ಥಾನಗಳೂ ತಮ್ಮ ಜಾತ್ರೆ, ಪ್ರವಚನಗಳಲ್ಲಿ ಜನರಿಗೆ ತಿಳಿಸಿ ಹೇಳಬೇಕು.