ಉದ್ಘಾಟನೆಯ ಮರುವರ್ಷ

1876ರಿಂದ 78ರವರೆಗೆ ದಕ್ಷಿಣ ಭಾರತವನ್ನೆಲ್ಲ ಪೀಡಿಸಿ, ಅಂದಿನ ಧಾರವಾಡ ಜಿಲ್ಲೆಯ ಗದಗ ಸೀಮೆಯನ್ನೂ ಬರಿದು ಮಾಡಿದ ಮಹಾಕ್ಷಾಮದ ತರುವಾಯ, ಕಾಳಿದ್ದಲ್ಲಿಂದ ಕಾಳಿಲ್ಲದಲ್ಲಿಗೆ ಧಾನ್ಯವನ್ನು ಶೀಘ್ರವಾಗಿ ಸಾಗಿಸಬೇಕೆಂಬ ಉದ್ದೇಶದಿಂದ ಸರಕಾರವು ಖಾತರಿ ಕೊಟ್ಟು ಹಾಕಿಸಿದ ‘ಕ್ಷಾಮ ಮಾರ್ಗ’ಗಳಲ್ಲಿ ಗದಗ–ಹೊಟಗಿ ರೈಲುದಾರಿಯೂ ಒಂದು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಅದನ್ನು 1884ರಲ್ಲಿ ಸಂಚಾರಕ್ಕೆ ತೆರೆಯಿತು. ಸಿರಿವಂತ ರಾಷ್ಟ್ರಗಳು ಬಡ ರಾಷ್ಟ್ರಗಳಿಗೆ ಮಾಡುವ ನೆರವಿನ ವಿಷಯವಾಗಿ ಇಂದು ನಡೆಯುವ ಚರ್ಚೆಗಳನ್ನು ಓದುವಾಗಲೆಲ್ಲ ನನಗೆ ಈ ದಾರಿಯ ನೆನಪಾಗುತ್ತದೆ. ಕಾಳು ತರಲೆಂದು ಬಂದ ಬಂಡಿಯು ಹತ್ತಿಯನ್ನು ಹೇರಿಕೊಂಡು ಹೋಯಿತು. ಗದಗಿನ ಪೇಟೆ ಬೆಳೆಯಿತು. ಹತ್ತಿ ಬೆಳೆದವನ ತಲೆಯ ಮೇಲಿದ್ದ ಸಾಹುಕಾರನ ಸಾಲವು ಮಾತ್ರ ಇದ್ದಲ್ಲಿಯೇ ಇತ್ತು.

ಆ ಸಾಲಕ್ಕೆ ಉಪಾಯವನ್ನು ಹುಡುಕಿದವರು ಗದಗಿಗೆ ಸಮೀಪದ ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂದ ಮರುವರ್ಷವೇ, 1905ರಲ್ಲಿ, ಅವರ ಮುಂದಾಳುತನದಲ್ಲಿ ಅಲ್ಲಿ ನೋಂದಣಿಯಾದ ಕೃಷಿಪತ್ತಿನ ಸಂಘವನ್ನು ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಹೇಳುವ ರೂಢಿಯುಂಟು. ಕಾಯದೆ ಸರಕಾರದ್ದು, ಮಾದರಿ ಜರ್ಮನಿಯದು, ಹೊಣೆ ಮಾತ್ರ ಊರವರದು. ಆ ಕಾಲದ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಒಬ್ಬನು ಸಾಲ ಮುಳುಗಿಸಿದರೆ ಉಳಿದವರೆಲ್ಲರೂ ಸೇರಿ ತೀರಿಸತಕ್ಕದ್ದು. ಕೇಳುವವನು ಎತ್ತಿಗಾಗಿ ಕೇಳುತ್ತಿರುವನೋ ಮದುವೆಗಾಗಿ ಕೇಳುತ್ತಿರುವನೋ ಎಂಬುದು ಪಕ್ಕದ ಮನೆಯವನಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿರಲಾರದಷ್ಟೆ.

ಆ ಜರ್ಮನ್ ಮಾದರಿಯ ಮೂಲವೂ ಒಂದು ಬರಗಾಲವೇ. 1846–47ರ ಹಸಿವಿನ ಚಳಿಗಾಲದಲ್ಲಿ ವೇಯರ್‌ಬುಷ್ ಎಂಬ ಹಳ್ಳಿಯ ಮುಖ್ಯಸ್ಥನಾಗಿದ್ದ ಫ್ರೀಡ್ರಿಕ್ ರೈಫೈಸನ್ ಎಂಬಾತನು ಉಳ್ಳವರಿಂದ ಹಣ ಕೂಡಿಸಿ, ರೊಟ್ಟಿ ಸುಡಿಸಿ, ಇಲ್ಲದವರಿಗೆ ಒದಗಿಸಿದನು. ಆದರೆ ಉಳ್ಳವರ ಧರ್ಮಬುದ್ಧಿಯನ್ನೇ ನೆಚ್ಚಿದ ಸಂಘವು ಆ ಬುದ್ಧಿ ತಗ್ಗಿದೊಡನೆ ತಾನೂ ತಗ್ಗುವುದೆಂಬುದನ್ನು ಅನುಭವದಿಂದ ಅರಿತು, 1864ರಲ್ಲಿ ಹೆಡೆಸ್‌ಡಾರ್ಫ್ ಎಂಬಲ್ಲಿ, ಸಾಲ ಬೇಕಾದವರೇ ಸದಸ್ಯರಾಗಿ ಪರಸ್ಪರ ಹೊಣೆಯಾಗುವ ಸಂಘವನ್ನು ಕಟ್ಟಿದನು. ದಯೆಯು ಸಾಲದೆಂದು ಕಂಡುಕೊಂಡ ಆ ದಯಾಳುವಿನ ವಿವೇಕವನ್ನು ಇಂದಿನ ನೆರವಿನ ಸಂಸ್ಥೆಗಳು ಎಷ್ಟರಮಟ್ಟಿಗೆ ಅರಗಿಸಿಕೊಂಡಿವೆಯೆಂಬುದು ನನಗೆ ಸಂದೇಹ. (ನಮ್ಮ ಸಹಕಾರ ಸಂಘಗಳಿಗೆ ಮುಂದೆ ರಾಜಕೀಯದ ಗೆದ್ದಲು ಹಿಡಿದುದು ಬೇರೆಯ ಕಥೆ, ಅದು ಒಂದು ವಾರದ ಅಂಕಣದಲ್ಲಿ ಮುಗಿಯುವಂಥದಲ್ಲ.)

ನೀರಿನ ವಿಷಯಕ್ಕೆ ಬಂದರೆ ದಯೆಯೊಂದೇ ಸಾಲದೆಂಬ ಮಾತು ಇನ್ನೂ ನಿಚ್ಚಳವಾಗುತ್ತದೆ. ಹೊಟಗಿಯ ಪಕ್ಕದ ಸೊಲ್ಲಾಪುರದಲ್ಲಿ ರೂಪುಗೊಂಡ ಕೈಪಂಪನ್ನೇ ಆಧಾರವಾಗಿಟ್ಟುಕೊಂಡು 1970ರ ದಶಕದಲ್ಲಿ ಯುನಿಸೆಫ್ ಸಹಾಯದಿಂದ ‘ಇಂಡಿಯಾ ಮಾರ್ಕ್–2’ ಸಿದ್ಧವಾಯಿತು. ಒಂದು ಮನೆತನದ ಬಳಕೆಗೆಂದು ಮಾಡಿದ ಹಳೆಯ ಬೀಡುಕಬ್ಬಿಣದ ಪಂಪುಗಳನ್ನು ಇಡೀ ಊರೇ ದಿನವಿಡೀ ಜಗ್ಗಿ, ಅವು ಸಾಲುಸಾಲಾಗಿ ಕೆಟ್ಟು ನಿಂತುದೇ ಅದಕ್ಕೆ ಕಾರಣ. ಆ ಗಟ್ಟಿಮುಟ್ಟಾದ ಪಂಪು ಆಫ್ರಿಕಕ್ಕೂ ಹೋಯಿತು. ಆದರೂ ಅಲ್ಲಿಯ ಕೈಪಂಪುಗಳಲ್ಲಿ ಸುಮಾರು ಮೂರಕ್ಕೊಂದು ಕೆಟ್ಟಿರುತ್ತದೆಂದು ತಜ್ಞರು ಅಂದಾಜು ಮಾಡಿದ್ದುಂಟು. ಯಂತ್ರ ಸುಧಾರಿಸಿತು, ವಾಸರು ಬದಲಿಸುವವನು ಯಾರೆಂಬುದು ನಿಶ್ಚಯವಾಗಲಿಲ್ಲ.

ಮುಂಡರಗಿ, ಶಿರಹಟ್ಟಿ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ತಿಳಿದದ್ದೇ. ಅದಕ್ಕೆಂದೇ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ಜನ ಅದನ್ನು ‘ಫಿಲ್ಟರ್ ನೀರು’ ಎನ್ನುತ್ತಾರೆ. ಸವಳು ನೀರಿಗೆ ಒಳಗಿನ ಮೆಂಬರೇನು ಕಟ್ಟಿಕೊಳ್ಳುತ್ತದೆ, ನಾಣ್ಯದ ಪೆಟ್ಟಿಗೆ ಸಿಕ್ಕಿಕೊಳ್ಳುತ್ತದೆ, ನಿರ್ವಹಣೆಯ ಗುತ್ತಿಗೆಯ ಅವಧಿ ತೀರುತ್ತದೆ, ಆಮೇಲೆ ಬೀಗ. ಬೀಗದ ಮೇಲ್ಗಡೆ, ಉದ್ಘಾಟಿಸಿದವರ ಹೆಸರುಗಳನ್ನು ಕೊರೆದ ಕಪ್ಪುಕಲ್ಲು ಮಾತ್ರ ಫಳಫಳನೆ ಹೊಳೆಯುತ್ತಿರುತ್ತದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಗದಗ–ಬೆಟಗೇರಿಯೂ ಸೇರಿತ್ತು. ಅವಳಿ ನಗರದ ಗೃಹಿಣಿ ಮಾತ್ರ ನಳಕ್ಕೆ ನೀರು ಬರುವ ದಿನವನ್ನು ಎಣಿಸುವ ಅಭ್ಯಾಸವನ್ನು ಇನ್ನೂ ಬಿಟ್ಟಿಲ್ಲ.

ಹೊರಗಿನ ನೆರವೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಮತಪ್ರಚಾರದ ಉದ್ದೇಶವಿದ್ದುದು ನಿಜವಾದರೂ, ಅವರು ಇಲ್ಲಿ ನೆಲೆನಿಂತರು, ನುಡಿ ಕಲಿತರು; ಅವರು ಹಾಕಿಕೊಟ್ಟ ಆಸ್ಪತ್ರೆ ಉಳಿಯಿತು. ವೀರೇಶ್ವರ ಪುಣ್ಯಾಶ್ರಮದ ಮಾತಂತೂ ಬೇರೆಯೇ. ಪಂಚಾಕ್ಷರಿ ಗವಾಯಿಗಳೂ, 2010ರವರೆಗೆ ನಮ್ಮ ನಡುವೆ ಇದ್ದ ಪುಟ್ಟರಾಜ ಗವಾಯಿಗಳೂ ಸ್ವತಃ ಅಂಧರಾಗಿದ್ದು, ನಾಟಕ ಕಂಪನಿ ನಡೆಸಿ, ತುಲಾಭಾರದ ಹಣ ಕೂಡಿಸಿ, ಅಂಧ, ಅನಾಥ ಮಕ್ಕಳಿಗೆ ಅನ್ನದೊಡನೆ ಸಂಗೀತವನ್ನೂ ಕೊಟ್ಟರು. ಅಲ್ಲಿ ಕಲಿತವನು ಹಾರ್ಮೋನಿಯಮ್ ಹಿಡಿದು ಹೊರಬಿದ್ದರೆ ತನ್ನ ಹೊಟ್ಟೆಯನ್ನು ತಾನೇ ಹೊರೆಯಬಲ್ಲನು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ನಿಮ್ಮೂರಿಗೆ ಹೊಸ ಯೋಜನೆ ಬಂತೆಂದು ಗ್ರಾಮಸಭೆಯಲ್ಲಿ ಓದಿ ಹೇಳಿದಾಗ, ಎಷ್ಟು ಲಕ್ಷವೆಂದು ಕೇಳಿ ಸುಮ್ಮನಾಗಬೇಡಿರಿ, ಮೂರನೆಯ ವರ್ಷ ರಿಪೇರಿಯ ದುಡ್ಡು ಯಾವ ಖಾತೆಯಿಂದ ಬರುವುದು, ಬೀಗದ ಕೈ ಯಾರ ಬಳಿ ಇರುವುದು ಎಂಬೆರಡನ್ನೂ ಕೇಳಿ, ಉತ್ತರವನ್ನು ಠರಾವಿನಲ್ಲಿ ಬರೆಯಿಸಿರಿ.