ಎರಡು ಕೀಲಿಕೈ

ಮಕ್ಕಳೇ, ಈ ವಾರ ಒಂದು ಸಿನಿಮಾ ಮಾತು. ಹೆಸರು ‘ಕವಲುದಾರಿ’. 2019ರಲ್ಲಿ ಬಂದದ್ದು, ನಿರ್ದೇಶಕರು ಹೇಮಂತ್ ರಾವ್. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ಮೊದಲ ಚಿತ್ರ.

ನೆಲ ಅಗೆಯುವಾಗ ಮೂರು ತಲೆಬುರುಡೆ ಸಿಗುತ್ತವೆ. ಎಂದೋ ಸತ್ತವರು, ಯಾರಿಗೆ ಬೇಕು ಈ ತಲೆನೋವು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಶ್ಯಾಮ್ ಎಂಬ ಟ್ರಾಫಿಕ್ ಪೊಲೀಸ್ ಮಾತ್ರ ಬಿಡುವುದಿಲ್ಲ. ಬೆನ್ನು ಹತ್ತಿ ಹೋದರೆ ಕಥೆ ತುರ್ತು ಪರಿಸ್ಥಿತಿಯ ದಿನಗಳಿಗೆ ಮುಟ್ಟುತ್ತದೆ. (1975ರಿಂದ 77ರ ಆ ಕಾಲ ಹೇಗಿತ್ತೆಂದು ನಿಮ್ಮ ಮುತ್ಯಾನನ್ನು ಕೇಳಿ.) ಆಗ ಪುರಾತತ್ವ ಇಲಾಖೆಯ ಅಧಿಕಾರಿಯೊಬ್ಬ ಹೆಂಡತಿ ಮಗುವಿನ ಸಮೇತ ಕಾಣೆಯಾಗಿದ್ದ. ಬೆಲೆಬಾಳುವ ಹಳೆಯ ಒಡವೆಗಳೂ ಕಾಣೆಯಾಗಿದ್ದವು. ಅವನೇ ಕದ್ದು ಓಡಿಹೋದ ಎಂದು ಜನ ನಂಬಿಬಿಟ್ಟರು.

ನನಗೆ ಕೊಲೆಗಿಂತ ಇದೇ ಹೆಚ್ಚು ಚುಚ್ಚಿತು. ದುರಾಸೆಯವನು ಬಂಗಾರ ಒಯ್ದ, ಜೀವ ತೆಗೆದ, ಸತ್ತವನ ಹೆಸರನ್ನೂ ಒಯ್ದ. ನಲವತ್ತು ವರ್ಷ ಅವನು ಕಳ್ಳನಾಗಿಯೇ ಉಳಿದ. ಸತ್ತವನು ಬಂದು ಲೆಕ್ಕ ಕೊಡಲಾದೀತೆ?

ಬ್ಯಾಂಕಿನಲ್ಲಿ ಸ್ಟ್ರಾಂಗ್ ರೂಮಿಗೆ ಎರಡು ಕೀಲಿಕೈ. ಒಂದು ಕ್ಯಾಷಿಯರ್ ಹತ್ತಿರ, ಇನ್ನೊಂದು ಅಧಿಕಾರಿ ಹತ್ತಿರ. ಇಬ್ಬರೂ ಬಂದರಷ್ಟೇ ಬಾಗಿಲು ತೆಗೆಯುವುದು. “ಮುತ್ಯಾ, ಹಂಗಾದ್ರ ನಿಮ್ ಮ್ಯಾಲ ನಂಬಿಕಿ ಇದ್ದಿಲ್ಲೇನು?” ಎಂದು ಮೊಮ್ಮಗಳು ಕೇಳಿದಳು. ಎರಡನೇ ಕೀಲಿಕೈ ಕಳ್ಳನನ್ನು ತಡೆಯುವುದಕ್ಕೆ ಹೌದು. ಆದರೆ ಹಣ ಕಡಿಮೆ ಬಿದ್ದ ದಿನ ಪ್ರಾಮಾಣಿಕನ ಹೆಸರು ಉಳಿಸುವುದೂ ಅದೇ. ಒಬ್ಬನ ಕೈಯಲ್ಲೇ ಎಲ್ಲ ಇದ್ದರೆ ಅವನು ಕದಿಯದಿದ್ದರೂ ಜನ ಅವನತ್ತಲೇ ನೋಡುತ್ತಾರೆ.

ನಮ್ಮ ರಾಜೇಶ್ವರದ ಹತ್ತಿರದ ಬಸವಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ, ಬಸವಣ್ಣ ಬಿಜ್ಜಳನ ಭಂಡಾರಿ. ಭಂಡಾರದ ಹಣವನ್ನು ಶರಣರಿಗೆ ಸುರಿಯುತ್ತಾನೆ ಎಂದು ಚಾಡಿ ಹೇಳಿದವರಿದ್ದರು. ಎಣಿಸಿ ನೋಡಿದರೆ ಲೆಕ್ಕ ಸರಿಯಿತ್ತು ಎಂದು ನಮ್ಮ ಕಡೆ ಕಥೆ ಹೇಳುತ್ತಾರೆ. ಸಿನಿಮಾದ ಆ ಅಧಿಕಾರಿಗೆ ಎಣಿಸಿ ತೋರಿಸುವ ಅವಕಾಶವೂ ಸಿಗಲಿಲ್ಲ, ಪಾಪ.

ನಿವೃತ್ತ ಪೊಲೀಸ್ ಮುತ್ತಣ್ಣನಾಗಿ ಅನಂತ್ ನಾಗ್ ಇದ್ದಾರೆ. ಬಹಳ ಮಾತಾಡದೆ, ಬರೀ ಕಣ್ಣಲ್ಲೇ ಹಳೆಯ ನೋವು ತೋರಿಸುತ್ತಾರೆ. ಅವರಿಗಾಗಿ ನಾನು ಎರಡು ಸಲ ನೋಡಿದೆ. ಕೊಲೆಗಾರ ಯಾರೆಂದು ಹೇಳುವುದಿಲ್ಲ. ಹೈಸ್ಕೂಲಿನವರು ದೊಡ್ಡವರ ಪಕ್ಕ ಕೂತು ನೋಡಿ. ಚಿಕ್ಕವರಿಗೆ ಈಗಲೇ ಬೇಡ, ಬುರುಡೆ ಕನಸಿನಲ್ಲಿ ಬಂದೀತು.