ನೀರನ್ನು ವಿಚಾರಿಸದ ಪಂಪು

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯ ಕಮಲಾಪುರವು ಭೌಗೋಳಿಕ ಮಾನ್ಯತೆ ಪಡೆದ ಕೆಂಪು ಬಾಳೆಯ ತವರು. ಬಿಸಿಲನಾಡಿನ ಬಾಳೆಗಾಗಲಿ ಮಲೆನಾಡಿನ ಅಡಿಕೆಗಾಗಲಿ, ಇಂದು ನೀರೆತ್ತುವ ಪಂಪಿನ ಬಳಿ ಕಾಣುವುದು ಅದೇ ಆಟೋ ಸ್ಟಾರ್ಟರ್.

ತ್ರೀ ಫೇಸ್ ವಿದ್ಯುತ್ತು ಬಂದೊಡನೆ ಈ ಪೆಟ್ಟಿಗೆ ಮೋಟಾರನ್ನು ಚಾಲೂ ಮಾಡುತ್ತದೆ. ಕೊಳವೆಬಾವಿಯಲ್ಲಿ ನೀರುಂಟೇ, ಬೇರಿಗೆ ಬಾಯಾರಿಕೆಯುಂಟೇ ಎಂದು ವಿಚಾರಿಸದು. ಊರಿನ ಮೋಟಾರುಗಳೆಲ್ಲ ಏಕಕಾಲಕ್ಕೆ ಎದ್ದಾಗ, ನೇರ ಚಾಲನೆಯಲ್ಲಿ ಒಂದೊಂದೂ ವಾಡಿಕೆಯ ಐದಾರು ಪಟ್ಟು ಕರೆಂಟನ್ನೆಳೆದು ಟ್ರಾನ್ಸ್‌ಫಾರ್ಮರನ್ನು ಕಂಗೆಡಿಸುತ್ತದೆ. ನೀರಿಲ್ಲದೆ ತಿರುಗಿದ ಮೋಟಾರು ಸುಡುತ್ತದೆ. ನೀರಿದ್ದರೆ ತೋಟ ತಣಿದ ಮೇಲೂ ಅಂತರ್ಜಲ ಬರಿದಾಗುತ್ತದೆ. 2008ರಿಂದ 10 ಎಚ್‌ಪಿವರೆಗಿನ ಪಂಪುಗಳಿಗೆ ಉಚಿತ ವಿದ್ಯುತ್ತಿರುವುದರಿಂದ ಬಿಲ್ಲೂ ಈ ನಷ್ಟವನ್ನು ಎತ್ತಿ ತೋರಿಸದು.

ಪರಿಹಾರವು ಅದೇ ಪೆಟ್ಟಿಗೆಯಲ್ಲಿದೆ. ಬಾವಿಯೊಳಗೆ, ಪಂಪಿಗಿಂತ ಮೇಲೆ, ಎರಡು ಮಟ್ಟಗಳಲ್ಲಿ ಸಂವೇದಕಗಳನ್ನಿಳಿಸಿ ರಿಲೇಯ ಮೂಲಕ ಸ್ಟಾರ್ಟರಿಗೆ ಜೋಡಿಸಬೇಕು. ನೀರು ಕೆಳಗಿನದಕ್ಕಿಂತ ಇಳಿದರೆ ಪಂಪು ನಿಲ್ಲಬೇಕು. ಮೇಲಿನದನ್ನು ಮುಟ್ಟುವವರೆಗೆ ಏಳಬಾರದು. ಬೇರಿನ ಆಳದಲ್ಲೊಂದು ತೇವಮಾಪಕವಿರಲಿ. ಜೋಡಣೆಯನ್ನು ಬಲ್ಲ ಎಲೆಕ್ಟ್ರೀಷಿಯನ್ ಮಾಡಲಿ, ಅರ್ಥಿಂಗ್ ತಪ್ಪದಿರಲಿ.

ನೆರೆಹೊರೆಯ ಸ್ಟಾರ್ಟರುಗಳ ಟೈಮರನ್ನು ಬೇರೆಬೇರೆ ನಿಮಿಷಕ್ಕೆ ಹೊಂದಿಸುವುದೂ ಅಗತ್ಯ. ಅದಕ್ಕೆ ಯಂತ್ರವೊಂದೇ ಸಾಲದು. ಒಂದೇ ಟ್ರಾನ್ಸ್‌ಫಾರ್ಮರಿನ ರೈತರು ಕೂಡಿ ಕುಳಿತು ಒಪ್ಪಬೇಕು.